ನಿಮಗಿದು ಗೊತ್ತೆ? ವನಸ್ಪತಿಯ ಕಾರ್ಖಾನೆಯಿಂದ ಗಣಕಯಂತ್ರ!

ಬೆಂಗಳೂರನ್ನು ನೆಲೆಯಾಗಿ ಮಾಡಿಕೊಂಡು, ಭಾರತದ ಗಣಕಯಂತ್ರ ನಿರ್ಮಾಪಕರ ಪಂಕ್ತಿಯಲ್ಲಿ ಅಗ್ರಗಣ್ಯವೆನಿಸಿದ್ದ ವಿಪ್ರೋ ಸಂಸ್ಥೆಯು ಜನ್ಮತಾಳಿದ್ದು, ಮಹಾರಾಷ್ಟ್ರ ರಾಜ್ಯದ ಜಳಗಾವ ಜಿಲ್ಲೆಯ ಅಮಳನೇರವೆಂಬ ಸಣ್ಣ ಪಟ್ಟಣದಲ್ಲಿ, ವನಸ್ಪತಿ ತಯಾರಿಸುವ ಕಾರ್ಖಾನೆಯಾಗಿ!

1945ರಲ್ಲಿ ಮಹಮ್ಮದ್ ಹಾಶಮ್ ಪ್ರೇಮ್‌ಜಿಯವರು ಸ್ಥಾಪಿಸಿದ ಆ ಉದ್ಯಮದ ಅಂದಿನ ನಾಮಧೇಯ ವೆಸ್ಟರ್ನ್ ಇಂಡಿಯಾ ವೆಜಿಟೆಬಲ್ ಪ್ರಾಡಕ್ಟ್ಸ್. 1966ರಲ್ಲಿ ಅವರು ದಿವಂಗತರಾಗಲು, ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗನಿರತರಾಗಿದ್ದ ಪುತ್ರ ಅಜೀಂ ಪ್ರೇಮ್‌ಜಿಯವರು ತಮ್ಮ 21ನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸವನ್ನು ಅರ್ಧದಲ್ಲಿಯೇ ತೊರೆದು ಬಂದು, ಸಂಸ್ಥೆಯ ಭಾರವನ್ನು ವಹಿಸಿದರು. ಎಪ್ಪತ್ತರ ದಶಕದ ಅಂತ್ಯದಲ್ಲಿ, ವಿದೇಶೀ ಬಂಡವಾಳದ ಮೇಲಣ ನಿರ್ಬಂಧಗಳಿಗೆ ಸಮ್ಮತಿಸದೆ ಐ.ಬಿ.ಎಂ. ಕಂಪನಿಯು ಭಾರತದಿಂದ ನಿರ್ಗಮಿಸಿದಾಗ, ಆ ತೆರವಿನಲ್ಲಿ ಸ್ವದೇಶೀ ಉದ್ಯಮಕ್ಕಿರುವ ಅವಕಾಶವನ್ನು ಮನಗಂಡ ಅವರು ಬೆಂಗಳೂರಿನಲ್ಲಿ ಸಂಶೋಧನೆಯನ್ನೂ ಮೈಸೂರಿನಲ್ಲಿ ತಯಾರಿಕೆಯನ್ನೂ ಆರಂಭಿಸಿ, ಎಂಬತ್ತರ ದಶಕದ ಆದಿಯಲ್ಲಿ ಮಿನಿ ಕಂಪ್ಯೂಟರುಗಳನ್ನು ಮಾರುಕಟ್ಟೆಗೆ ತಂದರು.

ಸಾಬೂನು, ವನಸ್ಪತಿಗಳನ್ನು ಮಾರುತ್ತಿದ್ದ ಸಂಸ್ಥೆಯೊಂದು ಗಣಕವಿದ್ಯೆಯನ್ನು ಹೀಗೆ ಕರಗತಮಾಡಿಕೊಂಡದ್ದು ನಮ್ಮ ದೇಶದ ಉದ್ಯಮಚರಿತ್ರೆಯಲ್ಲಿ ನಿಶ್ಚಯವಾಗಿಯೂ ಅಭಿಮಾನಪಡತಕ್ಕ ಅಧ್ಯಾಯ. 2013ರಲ್ಲಿ ವಿಪ್ರೋ ಗಣಕಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿ, ತಂತ್ರಾಂಶ ಸೇವೆಗಳಲ್ಲಿ ಮುಂದುವರಿಯಿತು. ಆರಂಭಕಾಲದಲ್ಲಿ ವಿಶ್ವಾಸವಿಟ್ಟು ಅದರ ಷೇರುಗಳನ್ನು ಕೊಂಡು, ಮಾರದೆ ಕಾಪಾಡಿಕೊಂಡ ಅಮಳನೇರದ ಅನೇಕ ಸಾಮಾನ್ಯ ಕುಟುಂಬಗಳು ಕೋಟ್ಯಧೀಶರಾದವು!