ಆಟದ ಲ್ಯಾಪ್‌ಟಾಪಿಗೆ ಮುಪ್ಪು ಬಂದಾಗ

ಪಾಠಕ್ಕೂ ಆಟಕ್ಕೂ ಒಂದೇ ಯಂತ್ರ ಸಾಕೆಂದು ೨೦೧೯–೨೦ರ ಸುಮಾರಿನಲ್ಲಿ ಅರುವತ್ತು ಎಪ್ಪತ್ತು ಸಾವಿರ ರೂಪಾಯಿಗಳನ್ನು ತೆತ್ತು ಕೊಂಡ ಗೇಮಿಂಗ್ ಲ್ಯಾಪ್‌ಟಾಪುಗಳು ಈಗ ಮುಪ್ಪಿನ ಲಕ್ಷಣಗಳನ್ನು ತೋರಿಸುತ್ತಿವೆ. ಆಟ ಆರಂಭವಾಗಿ ಹತ್ತು ನಿಮಿಷಗಳಾಗುವಷ್ಟರಲ್ಲಿ ಒಳಗಿನ ಬೀಸಣಿಗೆ ಭೋರ್ಗರೆಯತೊಡಗುತ್ತದೆ. ಪರದೆಯ ಮೇಲಣ ಚಿತ್ರ ತಡವರಿಸುತ್ತದೆ. ಹೊಸದನ್ನು ಕೊಡಿಸಬೇಕೆಂದು ಮಗನ ಹಟ. ಇರುವುದನ್ನೇ ಸರಿಮಾಡಿಸಿಕೊ ಎಂದು ತಂದೆಯ ಆಜ್ಞೆ. ಇಬ್ಬರ ವಾದಕ್ಕೂ ಸಾಮಾನ್ಯವಾಗಿ ಆಧಾರವಿರುವುದಿಲ್ಲ. ಅನೇಕ ಮನೆಗಳಲ್ಲಿ ಇದು ಒಂದು ವರ್ಷದ ಕಾಲೇಜು ಶುಲ್ಕದಷ್ಟು ದೊಡ್ಡ ಮೊತ್ತ. ಆದುದರಿಂದ ಈ ಪ್ರಶ್ನೆಯನ್ನು ಭೌತವಿಜ್ಞಾನದ ಪ್ರಶ್ನೆಯೆಂದೇ ಭಾವಿಸಿ ವಿಚಾರಮಾಡೋಣ.

ನಿದರ್ಶನಕ್ಕೆ ಆ ಕಾಲದಲ್ಲಿ ಬಹು ಸಾಮಾನ್ಯವಾಗಿದ್ದ ಒಂದು ಯಂತ್ರವನ್ನು ತೆಗೆದುಕೊಳ್ಳುವೆವು. ಇಂಟೆಲ್ ಕಂಪೆನಿಯ ಒಂಬತ್ತನೆಯ ಪೀಳಿಗೆಯ ಐ೫ ಪ್ರೊಸೆಸರ್. ಎನ್ವಿಡಿಯಾದ ಜಿಟಿಎಕ್ಸ್ ೧೬೫೦ ಗ್ರಾಫಿಕ್ಸ್ ಚಿಪ್ಪು, ಅದಕ್ಕೆ ೪ ಜಿಬಿ ಸ್ವಂತ ಮೆಮೊರಿ. ಯಂತ್ರದ ಮುಖ್ಯ ಮೆಮೊರಿ ೮ ಜಿಬಿ. ನಿಮಿಷಕ್ಕೆ ೫೪೦೦ ಸುತ್ತು ತಿರುಗುವ ಹಾರ್ಡ್ ಡಿಸ್ಕ್.

ಪರದೆಯ ಮೇಲೆ ಚಲನೆ ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ ೬೦ ಚಿತ್ರಗಳು ಮೂಡಿದರೆ ಉತ್ತಮ. ಎಂದರೆ ಒಂದೊಂದು ಚಿತ್ರಕ್ಕೂ ಸಿಗುವ ಅವಧಿ ಸೆಕೆಂಡಿನ ಸಾವಿರದ ಹದಿನೇಳು ಭಾಗ ಮಾತ್ರ. ಈ ಅಲ್ಪಾವಧಿಯಲ್ಲಿ ಯಾವ ವಸ್ತು ಎಲ್ಲಿದೆ, ಯಾವುದು ಯಾವುದಕ್ಕೆ ತಗುಲಿತು ಎಂಬ ಲೆಕ್ಕವನ್ನು ಪ್ರೊಸೆಸರ್ ಮುಗಿಸಬೇಕು. ಬಣ್ಣ ತುಂಬುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪು ಮುಗಿಸಬೇಕು. ಇಬ್ಬರೂ ಏಕಕಾಲದಲ್ಲಿ ದುಡಿಯುತ್ತಾರೆ. ಮೊದಲನೆಯದಕ್ಕೆ ೧೨ ಮಿಲಿಸೆಕೆಂಡೂ ಎರಡನೆಯದಕ್ಕೆ ೨೫ ಮಿಲಿಸೆಕೆಂಡೂ ಬೇಕಾದರೆ, ಚಿತ್ರಗಳು ೨೫ ಮಿಲಿಸೆಕೆಂಡಿಗೊಂದರಂತೆ, ಅಂದರೆ ಸೆಕೆಂಡಿಗೆ ನಲವತ್ತರಂತೆ ಮಾತ್ರ ಹೊರಬೀಳುವುವು. ಇಲ್ಲಿ ಪ್ರೊಸೆಸರನ್ನು ಎಷ್ಟು ಚುರುಕುಗೊಳಿಸಿದರೂ ಒಂದು ಚಿತ್ರವೂ ಹೆಚ್ಚುವುದಿಲ್ಲ. ಎತ್ತಿನ ಜೋಡಿಯಲ್ಲಿ ಕುಂಟುವ ಎತ್ತು ಯಾವುದೆಂದು ಮೊದಲು ತಿಳಿಯಬೇಕು. ಅದನ್ನು ತಿಳಿಯದೆಯೇ ನಮ್ಮವರು ಮೆಮೊರಿಯ ಪಟ್ಟಿಗಳನ್ನು ಕೊಂಡು ತಂದು ನಿರಾಶರಾಗುವರು.

ಆದರೆ ಈ ಪರೀಕ್ಷೆಗೂ ಮುಂಚೆ ಮಾಡಬೇಕಾದ ಕೆಲಸವೊಂದುಂಟು. ಅದು ಶಾಖಕ್ಕೆ ಸಂಬಂಧಿಸಿದುದು. ಚಿಪ್ಪಿನ ಉಷ್ಣತೆ ೧೦೦ ಡಿಗ್ರಿ ಸೆಲ್ಸಿಯಸ್ಸನ್ನು ಸಮೀಪಿಸಿತೆಂದರೆ ಯಂತ್ರ ಆತ್ಮರಕ್ಷಣೆಗಾಗಿ ತನ್ನ ವೇಗವನ್ನೂ ವಿದ್ಯುದೊತ್ತಡವನ್ನೂ ತಾನೇ ತಗ್ಗಿಸಿಕೊಳ್ಳುತ್ತದೆ. ಉತ್ಪನ್ನವಾಗುವ ಶಾಖ ವೇಗಕ್ಕೂ ಒತ್ತಡದ ವರ್ಗಕ್ಕೂ ಅನುಪಾತದಲ್ಲಿರುವುದರಿಂದ, ಎರಡನ್ನೂ ನೂರಕ್ಕೆ ಹತ್ತರಂತೆ ಇಳಿಸಿದರೆ ಶಾಖ ನೂರಕ್ಕೆ ಇಪ್ಪತ್ತೇಳರಷ್ಟು ಇಳಿಯುತ್ತದೆ. ಯಂತ್ರ ಉಳಿಯುತ್ತದೆ, ಆಟ ಕುಂಟುತ್ತದೆ. ನಾವು ಮುಪ್ಪೆಂದು ಭ್ರಮಿಸುವುದು ಎಷ್ಟೋ ವೇಳೆ ಈ ಆತ್ಮರಕ್ಷಣೆಯೇ ಹೊರತು ಬೇರೆಯಲ್ಲ.

ಐದು ವರ್ಷಗಳಲ್ಲಿ ಬೀಸಣಿಗೆಯ ಮುಂದಿನ ಲೋಹದ ಹಲ್ಲುಗಳ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಚಿಪ್ಪಿನಿಂದ ತಾಮ್ರದ ನಾಳಕ್ಕೆ ಶಾಖವನ್ನು ದಾಟಿಸುವ ಲೇಪ ಒಣಗಿ ಬಿರಿಯುತ್ತದೆ. ಬಿರುಕಿನಲ್ಲಿ ಸೇರಿಕೊಂಡ ಗಾಳಿ ಶಾಖಕ್ಕೆ ದುರ್ಬಲ ವಾಹಕ. ಹವೆಯ ಪ್ರಭಾವವೂ ಸಾಮಾನ್ಯವಾದುದಲ್ಲ. ಶಾಖ ಹೊರಹೋಗುವ ದರ ಒಳಗಿನ ಮತ್ತು ಹೊರಗಿನ ಉಷ್ಣತೆಗಳ ಅಂತರವನ್ನು ಅವಲಂಬಿಸಿದೆ. ಚಿಪ್ಪು ೯೫ ಡಿಗ್ರಿಯಲ್ಲಿರುವಾಗ ೨೫ ಡಿಗ್ರಿಯ ಕೋಣೆಯಲ್ಲಿ ಈ ಅಂತರ ೭೦. ಕಲಬುರಗಿಯ ಏಪ್ರಿಲ್ ಮಧ್ಯಾಹ್ನದ ೪೦ ಡಿಗ್ರಿಯಲ್ಲಿ ೫೫. ಅಲ್ಲಿ ೪೫ ವ್ಯಾಟ್ ಶಾಖವನ್ನು ಹೊರದೂಡುತ್ತಿದ್ದ ವ್ಯವಸ್ಥೆ ಇಲ್ಲಿ ಸುಮಾರು ೩೫ ವ್ಯಾಟನ್ನು ಮಾತ್ರ ದೂಡಬಲ್ಲುದು. ಬೇಸಿಗೆಯಲ್ಲಿ ‘ಸತ್ತುಹೋಯಿತು’ ಎನಿಸಿಕೊಂಡ ಯಂತ್ರ ಡಿಸೆಂಬರಿನಲ್ಲಿ ಚೇತರಿಸಿಕೊಳ್ಳುವುದರ ರಹಸ್ಯ ಇಷ್ಟೆ. ಧೂಳು ತೆಗೆಸಿ ಹೊಸ ಲೇಪ ಹಚ್ಚಿಸುವುದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಗೇ ಹೋಗಬೇಕಾಗಿಲ್ಲ, ಜಿಲ್ಲಾ ಕೇಂದ್ರಗಳಲ್ಲಿಯೂ ಈ ಕೆಲಸ ಬಲ್ಲವರಿದ್ದಾರೆ, ವೆಚ್ಚವೂ ಅಲ್ಪ.

ಯಂತ್ರ ತಣ್ಣಗಾದ ಬಳಿಕ ಪರೀಕ್ಷೆಗೆ ತೊಡಗಬಹುದು. ಸೆಕೆಂಡಿಗೆ ಎಷ್ಟು ಚಿತ್ರಗಳು ಬರುತ್ತಿವೆ ಎಂಬುದನ್ನು ತೋರಿಸುವ ಸೌಲಭ್ಯ ಅನೇಕ ಆಟಗಳಲ್ಲಿಯೇ ಇದೆ. ಚಿತ್ರದ ಅಳತೆ ೧೯೨೦ × ೧೦೮೦ ಇದ್ದಾಗ ಬರುವ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅಳತೆಯನ್ನು ೧೨೮೦ × ೭೨೦ಕ್ಕೆ ಇಳಿಸಿ, ಆಟದ ಅದೇ ಭಾಗವನ್ನು ಮತ್ತೊಮ್ಮೆ ಆಡಿ ನೋಡಿರಿ. ಬಣ್ಣ ತುಂಬಬೇಕಾದ ಬಿಂದುಗಳು ೨೦,೭೩,೬೦೦ರಿಂದ ೯,೨೧,೬೦೦ಕ್ಕೆ ಇಳಿದಿವೆ. ಪ್ರೊಸೆಸರಿನ ಹೊರೆಯಾದರೋ ಹೆಚ್ಚು ಕಡಮೆ ಮೊದಲಿನಷ್ಟೇ ಇದೆ. ಚಿತ್ರಗಳ ಸಂಖ್ಯೆ ಗಣನೀಯವಾಗಿ ಏರಿದರೆ ಕುಂಟುತ್ತಿದ್ದುದು ಗ್ರಾಫಿಕ್ಸ್ ಚಿಪ್ಪು. ಏರದೆ ನಿಂತಲ್ಲಿಯೇ ನಿಂತರೆ ಪ್ರೊಸೆಸರನ್ನೋ ಮುಖ್ಯ ಮೆಮೊರಿಯನ್ನೋ ಸಂಶಯಿಸಬೇಕು.

ಮೆಮೊರಿಯ ಕೊರತೆಯಾದರೆ ಪರಿಹಾರ ಸುಲಭ. ನಮ್ಮ ಯಂತ್ರದಲ್ಲಿ ೮ ಜಿಬಿಯ ಪಟ್ಟಿ ಒಂದೇ ಇದ್ದು ಪಕ್ಕದ ಕಿಂಡಿ ಖಾಲಿಯಿದ್ದಲ್ಲಿ, ಅಂಥದೇ ಇನ್ನೊಂದನ್ನು ಸೇರಿಸಬಹುದು. ಆಗ ಸಾಮರ್ಥ್ಯದ ಜೊತೆಗೆ ದಾರಿಯೂ ಇಮ್ಮಡಿಯಾಗಿ, ಸೆಕೆಂಡಿಗೆ ಸುಮಾರು ೨೧ ಜಿಬಿಯಷ್ಟಿದ್ದ ಸಂಚಾರ ೪೨ಕ್ಕೆ ಏರಬಲ್ಲುದು. ೨೦೨೫ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ವಿಪರೀತ ಏರಿತಾದ್ದರಿಂದ ಅಂದಂದಿನ ದರವನ್ನು ವಿಚಾರಿಸಿಯೇ ಕೊಳ್ಳತಕ್ಕದ್ದು. ಹಾರ್ಡ್ ಡಿಸ್ಕಿನ ಮಾತೇ ಬೇರೆ. ಅದರ ತಟ್ಟೆ ಅರ್ಧ ಸುತ್ತು ತಿರುಗುವುದಕ್ಕೇ ಐದೂವರೆ ಮಿಲಿಸೆಕೆಂಡು ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಅದು ಮಿಲಿಸೆಕೆಂಡಿನ ಒಂದಂಶದಲ್ಲಿ ಉತ್ತರ ಕೊಡುತ್ತದೆ. ಓದುಬರಹಕ್ಕೆ ಇದಕ್ಕಿಂತ ಮಿಗಿಲಾದ ಚಿಕಿತ್ಸೆ ನಮಗೆ ಕಾಣದು. ಆದರೂ ಆಟ ತೆರೆದುಕೊಳ್ಳುವ ಸಮಯ ಇದರಿಂದ ತಗ್ಗುವುದೇ ಹೊರತು, ಸೆಕೆಂಡಿನ ಚಿತ್ರಗಳ ಸರಾಸರಿ ಹೆಚ್ಚುವುದೆಂದು ನಿರೀಕ್ಷಿಸಲಾಗದು.

ದೋಷ ಗ್ರಾಫಿಕ್ಸ್ ಚಿಪ್ಪಿನಲ್ಲಿದ್ದರೆ ಮಾತ್ರ ದಾರಿ ಮುಚ್ಚಿದಂತೆಯೇ. ಮೇಜಿನ ಗಣಕದಲ್ಲಿ ಅದೊಂದು ಬಿಡಿ ಹಲಗೆ. ಕಿತ್ತು ಹೊಸದನ್ನು ಕೂರಿಸಬಹುದು. ಲ್ಯಾಪ್‌ಟಾಪಿನಲ್ಲಿ ಅದನ್ನು ಮುಖ್ಯ ಹಲಗೆಗೆ ಬೆಸೆದಿರುತ್ತಾರೆ. ಫ್ರೇಮ್‌ವರ್ಕ್ ಎಂಬ ಕಂಪೆನಿ ೨೦೨೪ರಿಂದ ಮಾರುತ್ತಿರುವ ಒಂದು ಮಾದರಿಯಂಥ ಅಪವಾದಗಳು ವಿರಳ. ಅದರ ೪ ಜಿಬಿ ಸ್ವಂತ ಮೆಮೊರಿಯೂ ಬೆಸೆದದ್ದೇ. ಅದು ತುಂಬಿ ತುಳುಕಿದಾಗ ಮಾಹಿತಿ ಮುಖ್ಯ ಮೆಮೊರಿಗೆ ಹೋಗಿ ಬರಬೇಕಾಗಿ, ಆ ಕಿರಿದಾದ ದಾರಿಯಲ್ಲಿ ಆಟ ಮುಗ್ಗರಿಸುತ್ತದೆ. ಮುಖ್ಯ ಮೆಮೊರಿಯನ್ನು ೩೨ ಜಿಬಿಗೆ ಏರಿಸಿದರೂ ಈ ದಾರಿ ಅಗಲವಾಗದು. ಬೆಳಕಿನ ಕಿರಣಗಳ ಹಾದಿಯನ್ನೇ ಲೆಕ್ಕಹಾಕುವ ವಿಶೇಷ ಅಂಗ ಜಿಟಿಎಕ್ಸ್ ೧೬೫೦ರಲ್ಲಿ ಇಲ್ಲ. ೨೦೨೪ರ ಡಿಸೆಂಬರಿನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್’, ೨೦೨೫ರ ‘ಡೂಮ್: ದ ಡಾರ್ಕ್ ಏಜಸ್’ ಆಟಗಳಿಗೆ ಆ ಅಂಗ ಇರಲೇಬೇಕು. ಇಂಥವನ್ನೇ ಆಡಬೇಕೆಂಬವರು ಹಳೆಯದರ ಮೇಲೆ ಒಂದು ರೂಪಾಯಿಯನ್ನೂ ಸುರಿಯಬಾರದು.

ಇನ್ನೆರಡು ಸಂಗತಿಗಳು. ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ವಿಂಡೋಸ್ ೧೧ ನಮ್ಮ ನಿದರ್ಶನದ ಯಂತ್ರವನ್ನು ಒಪ್ಪುತ್ತದೆ. ೨೦೧೭ರ ಏಳನೆಯ ಪೀಳಿಗೆಯ ಐ೫ ಯಂತ್ರಗಳನ್ನು ಒಪ್ಪುವುದಿಲ್ಲ. ಇನ್ನು ಬ್ಯಾಟರಿ. ಬೆರಳೊತ್ತಿನ ಫಲಕವೋ ಕೀಲಿಮಣೆಯೋ ಮೇಲೆದ್ದಂತೆ ಕಂಡರೆ ಒಳಗೆ ಬ್ಯಾಟರಿ ಉಬ್ಬಿರಬಹುದು. ಇದು ಬೆಂಕಿಯ ಅಪಾಯ. ಅದನ್ನು ಚುಚ್ಚದೆ, ಅದುಮದೆ, ಚಾರ್ಜು ಮಾಡದೆ, ತಿಳಿದವರಿಂದ ತೆಗೆಸತಕ್ಕದ್ದು.

ಕೊಳ್ಳುವುದೇ ಅನಿವಾರ್ಯವಾದರೆ ಒಂದು ಮಾತು. ಹೊಸ ತೆಳು ಮಾದರಿಗಳಲ್ಲಿ ಅನೇಕವುಗಳ ಮುಖ್ಯ ಮೆಮೊರಿಯೂ ಬೆಸೆದದ್ದೇ ಆಗಿರುತ್ತದೆ. ಕಿಂಡಿಗಳೆಷ್ಟು, ಅವುಗಳಲ್ಲಿ ಖಾಲಿಯೆಷ್ಟು, ಗ್ರಾಫಿಕ್ಸ್ ಚಿಪ್ಪಿನ ಸ್ವಂತ ಮೆಮೊರಿ ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಹಣ ಕೊಡುವುದಕ್ಕೆ ಮೊದಲೇ ಅಂಗಡಿಯವರಲ್ಲಿ ಕೇಳಿರಿ.