ಸ್ಕ್ಯಾನ್‌ನಲ್ಲಿ ಹೊಸ ಕಲೆಯಿಲ್ಲ, ಆದರೂ ಕಾಲು ಸೋಲುವುದೇಕೆ? ಎಂಎಸ್ ಕಾಯಿಲೆಯ ಒಳಗುಟ್ಟು

ಹೈದರಾಬಾದ್: ಮೇ ತಿಂಗಳ ಬಿಸಿಲಿಗೆ ಈ ನಗರದಲ್ಲಿ ಎಲ್ಲರೂ ಬಸವಳಿಯುತ್ತಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇರುವ ಹಲವರಿಗೆ ಅದೇ ಸೆಕೆಗೆ ಕಣ್ಣು ಮಂಜಾಗುತ್ತದೆ, ಕಾಲು ಭಾರವಾಗುತ್ತದೆ. ಮೈ ತಂಪಾದರೆ ಸರಿಹೋಗುತ್ತದೆ. ಇದು ಕಾಯಿಲೆಯ ಹೊಸ ದಾಳಿಯಲ್ಲ. ಆದರೆ ಚಳಿಗಾಲದಲ್ಲೂ ನಡಿಗೆ ಕುಂದುತ್ತಲೇ ಇದ್ದರೆ? ಎಂಆರ್‌ಐನಲ್ಲಿ ಹೊಸ ಕಲೆಯೂ ಕಾಣದಿದ್ದರೆ?

ಎಂಎಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೈಲಿನ್ ಹೊದಿಕೆಯನ್ನು ಹಾಳುಮಾಡುತ್ತದೆ. ರಕ್ತದಿಂದ ಮಿದುಳಿಗೆ ನುಗ್ಗುವ ಟಿ ಮತ್ತು ಬಿ ಕಣಗಳು ಇದರಲ್ಲಿ ಪ್ರಮುಖ. ಈಗಿನ ಬಹುತೇಕ ಔಷಧಗಳ ಗುರಿಯೂ ಅವೇ.

ಆದರೆ ಮಿದುಳಿನಲ್ಲೇ ನೆಲೆಸಿರುವ ಮೈಕ್ರೋಗ್ಲಿಯಾ ಎಂಬ ಕಣಗಳಿವೆ. ಇವು ಹುಟ್ಟಿನಿಂದಲೇ ಬಂದ ಸಹಜ ರೋಗನಿರೋಧಕ ವ್ಯವಸ್ಥೆಯ ಕಾವಲುಗಾರರು. ಸತ್ತ ಕಣಗಳ ಕಸ ಗುಡಿಸುವುದೂ ಇವುಗಳ ಕೆಲಸ. ಹಳೆಯ ಕಲೆಗಳ ಅಂಚಿನಲ್ಲಿ ಇವು ಕೆರಳಿಯೇ ಉಳಿದರೆ ಉರಿಯೂತ ಬೂದಿ ಮುಚ್ಚಿದ ಕೆಂಡದಂತೆ ಮುಂದುವರಿಯುತ್ತದೆ. ಮಾಮೂಲಿ ಸ್ಕ್ಯಾನ್‌ಗೆ ಇದು ಸುಲಭವಾಗಿ ಸಿಗುವುದಿಲ್ಲ.

ಬಿ ಕಣ, ಮೈಕ್ರೋಗ್ಲಿಯಾ ಎರಡನ್ನೂ ತಡೆಯುವ ಟೋಲೆಬ್ರುಟಿನಿಬ್ ಮಾತ್ರೆಯ ಪ್ರಯೋಗದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ದಾಳಿಗಳಿಲ್ಲದೆಯೂ ಹದಗೆಡುತ್ತಿದ್ದ ರೋಗಿಗಳಲ್ಲಿ ಅಂಗವೈಕಲ್ಯ ಹೆಚ್ಚುವ ಅಪಾಯ ಶೇ 31ರಷ್ಟು ತಗ್ಗಿತ್ತು. ಆದರೆ ಯಕೃತ್ತಿಗೆ ಹಾನಿಯಾಗುವ ಭಯ ಈ ಮಾತ್ರೆಗೆ ದೊಡ್ಡ ತೊಡಕು.

ಹಾಗಾಗಿ 'ರಿಪೋರ್ಟ್ ಚೆನ್ನಾಗಿದೆ' ಎಂದರೂ ನಡಿಗೆ ನಿಧಾನವಾಗಿದ್ದರೆ ನರರೋಗ ತಜ್ಞರಿಗೆ ಹೇಳಿ. ಪಂಜಾಗುಟ್ಟದ ನಿಮ್ಸ್‌ನಲ್ಲಿ ನರರೋಗ ವಿಭಾಗವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಕೂಡ ಸೇರಿದೆ; ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.