ಕೊಡತಿ ಹಿಡಿದವನೇ ಗ್ಯಾಲಗರ್!

ಮುಂದಿನ ಸಾಲಿನ ಟಿಕೆಟ್ಟಿಗೆ ಜನ ಮುಗಿಬೀಳುವುದು ಹೊಸದೇನಲ್ಲ. ಆದರೆ ಅಲ್ಲಿ ಕೂರಲು ಮೈತುಂಬ ಪ್ಲಾಸ್ಟಿಕ್ ಹಾಳೆ ಹೊದೆಯಬೇಕೆಂದರೆ? ಅಮೆರಿಕದ ಹಾಸ್ಯಗಾರ ಲಿಯೊ ಗ್ಯಾಲಗರ್‌ನ ಪ್ರದರ್ಶನಗಳಲ್ಲಿ ನಡೆಯುತ್ತಿದ್ದುದು ಅದೇ. ಕೊನೆಯಲ್ಲಿ ಆತ ಉದ್ದ ಹಿಡಿಯ, ದಪ್ಪ ತಲೆಯ ಮರದ ಕೊಡತಿ ಎತ್ತಿ ಮೇಜಿನ ಮೇಲಿನ ಕಲ್ಲಂಗಡಿ ಹಣ್ಣಿಗೆ ಬಾರಿಸುತ್ತಿದ್ದ. ತಿರುಳು, ಬೀಜ, ರಸ ಎಲ್ಲ ಚಿಮ್ಮಿ ಎದುರಿಗಿದ್ದವರ ಮೇಲೆ. ಅವರಿಗೋ ಅದೇ ಸಂಭ್ರಮ!

ವಸ್ತುಗಳನ್ನು ಮುಂದಿಟ್ಟುಕೊಂಡು ನಗಿಸುವ ಈ ಬಗೆಗೆ 'ಪ್ರಾಪ್ ಕಾಮಿಡಿ' ಎಂದು ಹೆಸರು. ಪ್ರಾಪ್ ಎಂದರೆ ರಂಗದ ಮೇಲೆ ಬಳಸುವ ಪರಿಕರ. ಮಾತನ್ನೇ ನಂಬಿದ ಹಾಸ್ಯಗಾರರಿಗೆ ಇದರ ಬಗ್ಗೆ ತುಸು ತಾತ್ಸಾರ. ಪೆಟ್ಟಿಗೆಯಿಂದ ಸಾಮಾನು ತೆಗೆದು ತೋರಿಸುವುದು ಯಾವ ದೊಡ್ಡ ವಿದ್ಯೆ ಎಂಬ ಧೋರಣೆ.

ಗ್ಯಾಲಗರ್‌ನ ಮಟ್ಟಿಗೆ ಇದು ನ್ಯಾಯವಲ್ಲ. 1946ರಲ್ಲಿ ಹುಟ್ಟಿದ ಆತ 1970ರಲ್ಲಿ ಫ್ಲಾರಿಡಾದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪದವಿ ಪಡೆದವನು. ಗಾಯಕ ಜಿಮ್ ಸ್ಟ್ಯಾಫರ್ಡ್‌ನ ಪ್ರವಾಸಗಳ ವ್ಯವಸ್ಥಾಪಕನಾಗಿದ್ದು ನಂತರ ತಾನೇ ರಂಗಕ್ಕಿಳಿದ. 1960ರ ದಶಕದಿಂದ ಅಲ್ಲಿನ ಟಿ.ವಿ.ಯಲ್ಲಿ 'ವೆಜ್-ಒ-ಮ್ಯಾಟಿಕ್' ಎಂಬ ತರಕಾರಿ ಹೆಚ್ಚುವ ಸಾಧನದ ಜಾಹೀರಾತು ಬರುತ್ತಿತ್ತು. ಉಸಿರು ಬಿಡದೆ ಗುಣಗಾನ ಮಾಡುವ ಆ ಮಾರಾಟಗಾರನ ಧಾಟಿಯಲ್ಲೇ ಗ್ಯಾಲಗರ್ ತನ್ನ ಕೊಡತಿಗೆ 'ಸ್ಲೆಡ್ಜ್-ಒ-ಮ್ಯಾಟಿಕ್' ಎಂದು ಹೆಸರಿಟ್ಟು, ಅದೊಂದು ಅದ್ಭುತ ಅಡುಗೆ ಸಲಕರಣೆ ಎಂದು ಬಣ್ಣಿಸತೊಡಗಿದ. ನಿಜವಾದ ಹಾಸ್ಯ ಇದ್ದದ್ದು ಏಟಿನಲ್ಲಲ್ಲ, ಏಟಿಗೆ ಮುಂಚಿನ ಈ ಮಾತಿನಲ್ಲಿ. ಇಂಗ್ಲಿಷ್ ಕಾಗುಣಿತದ ಎಡವಟ್ಟುಗಳ ಬಗ್ಗೆಯೂ ಆತ ಚೆನ್ನಾಗಿಯೇ ನಗಿಸುತ್ತಿದ್ದ. ಆದರೆ 1980ರಲ್ಲಿ ಶೋಟೈಮ್ ಕೇಬಲ್ ಚಾನೆಲ್‌ನಲ್ಲಿ ಆತನ ಕಾರ್ಯಕ್ರಮ ಬಂದು ಹೆಸರು ಮನೆಮಾತಾದಾಗ ಜನರ ನೆನಪಿನಲ್ಲಿ ಉಳಿದದ್ದು ಕಲ್ಲಂಗಡಿ.

ತೊಡಕು ಶುರುವಾದದ್ದೂ ಅಲ್ಲಿಂದಲೇ. ನಗು ಮಾತಿನಲ್ಲಿಲ್ಲ, ಕೊಡತಿಯಲ್ಲಿದೆ ಎಂದಾದರೆ ಅದನ್ನು ಯಾರು ಎತ್ತಿದರೇನು?

1990ರ ದಶಕದ ಆರಂಭದಲ್ಲಿ ತಮ್ಮ ರಾನ್ ಅಣ್ಣನ ಮುಂದೆ ಒಂದು ಕೋರಿಕೆ ಇಟ್ಟ: ಆ ಆಟವನ್ನು ತಾನೂ ಆಡಬಹುದೇ? ನೋಡಲು ಇಬ್ಬರೂ ಒಂದೇ ಥರ. ಆಡುವವನು ತಮ್ಮ ಎಂಬುದು ಜಾಹೀರಾತಿನಲ್ಲಿ ಸ್ಪಷ್ಟವಾಗಿರಬೇಕೆಂಬ ಷರತ್ತಿನ ಮೇಲೆ ಅಣ್ಣ ಒಪ್ಪಿದ. ಬರಬರುತ್ತ ಆ ಸ್ಪಷ್ಟತೆ ಮಸುಕಾಯಿತು. 'ಗ್ಯಾಲಗರ್ ಟೂ' ಎಂಬ ಹೆಸರೂ ಬಂತು. ಕಿವಿಗೆ 'ಗ್ಯಾಲಗರ್ ಕೂಡ' ಎಂದೂ ಆಗಬಹುದು, 'ಎರಡನೆಯ ಗ್ಯಾಲಗರ್' ಎಂದೂ ಆಗಬಹುದು! 2000ದಲ್ಲಿ ಅಣ್ಣ ಕೋರ್ಟಿಗೆ ಹೋದ. ತನ್ನನ್ನು ಅನುಕರಿಸುವ ಪ್ರದರ್ಶನ ನೀಡದಂತೆ ತಮ್ಮನ ವಿರುದ್ಧ ಶಾಶ್ವತ ತಡೆಯಾಜ್ಞೆ ಪಡೆದ.

ಇಂಥ ವ್ಯಾಜ್ಯ ಚಾಪ್ಲಿನ್‌ನಿಗೂ ತಪ್ಪಿರಲಿಲ್ಲ. ಚಾರ್ಲ್ಸ್ ಅಮಡಾರ್ ಎಂಬ ನಟ ಅದೇ ಮೀಸೆ, ಟೋಪಿ, ಬೆತ್ತ, ದೊಗಲೆ ಪ್ಯಾಂಟು ಧರಿಸಿ 'ಚಾರ್ಲಿ ಆಪ್ಲಿನ್' ಎಂದು ಹೊರಟಾಗ, 1928ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ಚಾಪ್ಲಿನ್ ಪರ ತೀರ್ಪು ಕೊಟ್ಟಿತು. ಆದರೆ ಅಮಡಾರ್ ಹೊರಗಿನವನು. ಗ್ಯಾಲಗರ್ ಎದುರಿಸಿದ್ದು ತಾನೇ ಆಟ ಬಿಟ್ಟುಕೊಟ್ಟ ಒಡಹುಟ್ಟಿದವನನ್ನು.

ಮೊಕದ್ದಮೆ ಗೆದ್ದರೂ ಹಳೆಯ ಹೊಳಪು ಮರಳಲಿಲ್ಲ. 2003ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಚುನಾವಣೆಗೆ ನಿಂತು 135 ಮಂದಿಯಲ್ಲಿ 16ನೆಯವನಾದ. ಸಿಕ್ಕ ಮತ 5,466. ನಂತರದ ವರ್ಷಗಳಲ್ಲಿ ಆತನ ಮಾತಿನಲ್ಲಿ ಸಲಿಂಗಿಗಳ, ವಿದೇಶೀಯರ ಬಗ್ಗೆ ಕಹಿ ಹೆಚ್ಚಿತೆಂಬ ಆಕ್ಷೇಪ ಕೇಳಿಬಂತು. 2011ರಲ್ಲಿ ಸಂದರ್ಶಕ ಮಾರ್ಕ್ ಮ್ಯಾರನ್ ಇದನ್ನೇ ಕೆದಕಿದಾಗ ಅರ್ಧಕ್ಕೇ ಎದ್ದು ನಡೆದ. ಮರುವರ್ಷ ಹೃದಯಾಘಾತ.

2022ರ ನವೆಂಬರ್ 11ರಂದು ಪಾಮ್ ಸ್ಪ್ರಿಂಗ್ಸ್‌ನಲ್ಲಿ ತೀರಿಕೊಂಡಾಗ ಆತನಿಗೆ 76 ವರ್ಷ. ಸುದ್ದಿಯ ತಲೆಬರಹಗಳಲ್ಲಿ ಕಾಗುಣಿತದ ಹಾಸ್ಯಕ್ಕೆ ಜಾಗವಿರಲಿಲ್ಲ. ಸತ್ತವನು ಕಲ್ಲಂಗಡಿ ಒಡೆಯುತ್ತಿದ್ದ ಹಾಸ್ಯಗಾರ.